ಒಂದು ಗೆರೆ ಹೆಚ್ಚು

ನನ್ನ ಹಾಳೆಯಲ್ಲಿ ಹನ್ನೊಂದು ಗೆರೆ, ಶಬಾನಾಳ ಹಾಳೆಯಲ್ಲಿ ಹನ್ನೆರಡು. ಹಲಸೂರು ಕೆರೆಯ ಗೇಟಿನ ಬಳಿ ನಿಂತು ಇಬ್ಬರೂ ಮತ್ತೆ ಎಣಿಸಿದೆವು.

ಮನಃಶಾಸ್ತ್ರದ ಬಿ.ಎ. ತರಗತಿಯಲ್ಲಿ ಸಂಶೋಧನಾ ವಿಧಾನದ ಪಾಠಕ್ಕೆ ಕೊಟ್ಟಿದ್ದ ಕೆಲಸ ಅದು. ನಾವಿಬ್ಬರು ಬೇರೆ ಬೇರೆ ಕಡೆ ಕೂತು, ಕೆರೆಯ ಸುತ್ತ ಒಬ್ಬಂಟಿಯಾಗಿ ಕೂತವರನ್ನು ಒಂದು ಗಂಟೆ ಗುರುತು ಹಾಕಬೇಕಿತ್ತು. ಇಬ್ಬರ ಲೆಕ್ಕ ಹೊಂದಿದರೆ ಮಾತ್ರ ನೋಡಿದ್ದನ್ನು ನಂಬಬಹುದು ಎಂದು ಮೇಡಂ ಹೇಳಿದ್ದರು.

"ನೀನೇ ಯಾರನ್ನೋ ಬಿಟ್ಟಿದ್ದೀಯ," ಎಂದಳು ಶಬಾನಾ. ಪ್ರತಿ ಗೆರೆಯ ಪಕ್ಕ ಅವಳು ಒಂದೆರಡು ಗುರುತು ಬರೆದುಕೊಂಡಿದ್ದಳು. ಒಂದೊಂದೇ ಓದಿದಳು. ಪೇಪರ್ ಹಿಡಿದ ತಾತ, ಔಷಧಿ ಚೀಲದ ಹೆಂಗಸು, ಹೀಗೆ ಹನ್ನೊಂದು ಜನ ನನ್ನ ಹಾಳೆಯಲ್ಲೂ ಇದ್ದರು.

"ನೀರಿನ ಆ ಕಡೆ ಬೆಂಚಲ್ಲಿ, ತಲೆ ಮೇಲೆ ದುಪಟ್ಟಾ ಹೊದ್ಕೊಂಡು ಬಗ್ಗಿ ಕೂತಿದ್ರಲ್ಲ, ಅವ್ರು? ಒಂದು ಗಂಟೆ ಪೂರ್ತಿ ಯಾರೂ ಹತ್ರ ಬರ್ಲಿಲ್ಲ."

ಬಿಸಿಲಿಗೆಂದು ಹೊದ್ದಿದ್ದ ದುಪಟ್ಟಾ ಇನ್ನೂ ನನ್ನ ಹೆಗಲ ಮೇಲಿತ್ತು.

"ಅದು ನಾನು ಕಣೇ," ಎಂದೆ.

ಅವಳು ತನ್ನ ಹಾಳೆಯನ್ನು ಮತ್ತೊಮ್ಮೆ ನೋಡಿದಳು. ರಬ್ಬರ್ ನಾನೇ ಕೊಟ್ಟೆ. ದೂರದಿಂದ ಗೊತ್ತಾಗಲಿಲ್ಲ ಎಂದು ಗೊಣಗಿ ಆ ಗೆರೆ ಅಳಿಸಿದಳು. ಆಮೇಲೆ ಕೆ.ಆರ್. ಪುರದ ಬಸ್ಸು ಬಂತು, ಹತ್ತಿ ಹೋದಳು.

ಲೆಕ್ಕ ಹೊಂದಿತ್ತು, ಒಳ್ಳೆಯ ಅಂಕವೂ ಬಂತು. ಅವತ್ತು ನಾನು ಕೆಲಸಕ್ಕೆಂದೇ ಒಬ್ಬಳೇ ಕೂತಿದ್ದೆ, ನಿಜ. ಆದರೆ ಪಿ.ಜಿ. ಕೋಣೆಗೆ ಮರಳಿ ಯೋಚಿಸಿದರೆ, ಕಾಲೇಜು ಸೇರಿದಂದಿನಿಂದ ತರಗತಿಯಲ್ಲೂ ನನ್ನ ಪಕ್ಕ ಯಾರೂ ಕೂತ ನೆನಪಾಗಲಿಲ್ಲ. ಅದನ್ನು ಮೊದಲು ಗಮನಿಸಿ ಬರೆದಿಟ್ಟವಳು ಶಬಾನಾ, ಅದೂ ನಾನೆಂದು ತಿಳಿಯದೆ.