ಹುತ್ತರಿಯ ಕೋವಿ ನನಗೆ ಕೇಳಿಸಲಿಲ್ಲ

ದೆವ್ವ, ಶಕುನ, ಮಾಯೆ ಎಂದು ಯಾರಾದರೂ ಮಾತು ತೆಗೆದರೆ ನಕ್ಕು ಎದ್ದು ಹೋಗುತ್ತಿದ್ದವನು ನಾನು. ಹಾಗೆ ನಗುವ ಹಕ್ಕನ್ನು ಕಷ್ಟಪಟ್ಟು ಸಂಪಾದಿಸಿದ್ದೆ. ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ಬೇರೆಯವರ ಗದ್ದೆ ಉತ್ತ ಮನೆತನ ನಮ್ಮದು. ಅಪ್ಪನಿಗೆ ಹೆಬ್ಬೆಟ್ಟು ಒತ್ತುವುದಷ್ಟೇ ಗೊತ್ತಿತ್ತು. ಆ ಮನೆಯಿಂದ ಹೊರಟು, ಮೈಸೂರಿನ ಹೋಟೆಲೊಂದರಲ್ಲಿ ಲೋಟ ತೊಳೆದು ಬಿ.ಎಸ್ಸಿ. ಮುಗಿಸಿದೆ. ಇದನ್ನು ಜಂಬ ಎನ್ನುವವರು ಎನ್ನಲಿ. ಹೇಳುತ್ತಿರುವವನು ಎಂಥವನು ಎಂದು ಗೊತ್ತಿದ್ದರೆ ಮುಂದಿನದನ್ನು ತೂಗಿ ನೋಡಲು ಓದುಗರಿಗೆ ಅನುಕೂಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷ ದಾಟಿದ್ದ ಕಾಲ. ಶ್ರೀಮಂಗಲದ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಪೂವಯ್ಯ ಎಂಬವರ ಮನೆಯ ಹೊರಕೋಣೆಯಲ್ಲಿ ನನ್ನ ವಾಸ. ಅವರ ತಮ್ಮ ಚಿಣ್ಣಪ್ಪನವರು ಸೈನ್ಯದಲ್ಲಿದ್ದವರು. ಉತ್ತರದ ಗಡಿಯ ಯುದ್ಧದಿಂದ ಬಂದವರ ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಬಾಗಿಲು ಧಡಾರೆಂದರೆ ಮೇಜಿನಡಿ ಸೇರುತ್ತಿದ್ದರು. ಒಂದು ವಾರ ನಿದ್ದೆಯಿಲ್ಲದೆ ತೋಟ ಸುತ್ತಿದರೆ, ಮುಂದಿನ ವಾರ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ.

ನಾನು ಹೇಳಹೊರಟಿರುವುದಕ್ಕೆ ಹಿಂದಿನ ವರ್ಷ, ಹುತ್ತರಿಯ ಸುಗ್ಗಿಹಬ್ಬದಲ್ಲಿ ಕೆಟ್ಟದ್ದೇ ಆಗಿತ್ತು. ರಾತ್ರಿ ಹೊಸ ಕದಿರು ಕೊಯ್ಯುವ ಮುಹೂರ್ತಕ್ಕೆ ಇಲ್ಲಿ ಗದ್ದೆಯಲ್ಲಿ ನಿಂತು ಕೋವಿ ಹಾರಿಸಬೇಕು, ಅದು ಕಟ್ಟಳೆ. ಸದ್ದು ಕೇಳಿದ್ದೇ ತಡ, ಚಿಣ್ಣಪ್ಪ ಪಕ್ಕದಲ್ಲಿದ್ದ ಮಗಳು ದೇಚುವನ್ನು ಕೆಸರಿಗೆ ಕೆಡವಿ ಮೇಲೆ ಕವುಚಿ ಮಲಗಿಬಿಟ್ಟರು. ಅವರು ಅವಳನ್ನು ಕಾಪಾಡುತ್ತಿದ್ದರು. ಮಗುವಿನ ಮುಖ ಕೆಸರಿನಲ್ಲಿ ಹೂತಿತ್ತು. ನಾಲ್ಕು ಜನ ಎಳೆದು ಬಿಡಿಸುವಷ್ಟರಲ್ಲಿ ಅವಳ ತುಟಿ ನೀಲಿಯಾಗಿತ್ತು.

ಮಗು ಉಳಿಯಿತು. ಆದರೆ ಚಿಣ್ಣಪ್ಪನವರ ಹೆಂಡತಿ ಬೊಳ್ಳವ್ವನ ಅಣ್ಣ ಬಾಳೆಲೆ ಎಂಬ ಊರಿನಿಂದ ಬಂದು ಕಡ್ಡಿ ಮುರಿದಂತೆ ಹೇಳಿದರು: ಇನ್ನೊಂದು ಸಲ ಹೀಗಾದರೆ ತಂಗಿಯೂ ಮಗುವೂ ತವರಿಗೆ, ಚಿಣ್ಣಪ್ಪ ಹುಚ್ಚಾಸ್ಪತ್ರೆಗೆ.

ಆಮೇಲೆ ಬೆಂಗಳೂರಿನ ಡಾಕ್ಟರೊಬ್ಬರು ಒಂದು ಗುಳಿಗೆ ಶುರು ಮಾಡಿದರು. ಯುದ್ಧದ ಪೆಟ್ಟು ಮೈಗಷ್ಟೇ ಬೀಳುವುದಿಲ್ಲ, ಮನಸ್ಸಿಗೂ ಬೀಳುತ್ತದೆ ಎಂದರಂತೆ. ಆ ಗುಳಿಗೆ ಮನಸ್ಸಿನ ಏರಿಳಿತವನ್ನು ಹದಕ್ಕೆ ತರುವಂಥದ್ದು, ಅದೂ ಒಂದು ಬಗೆಯ ಉಪ್ಪು. ಆಗಾಗ ರಕ್ತ ಪರೀಕ್ಷೆಯಾಗಬೇಕು, ನೀರು ಚೆನ್ನಾಗಿ ಕುಡಿಯಬೇಕು, ತಾವಾಗಿಯೇ ನಿಲ್ಲಿಸಬಾರದು. ಕೆಲವು ತಿಂಗಳಲ್ಲಿ ಚಿಣ್ಣಪ್ಪ ರಾತ್ರಿ ಮಲಗತೊಡಗಿದರು, ಬೆಳಿಗ್ಗೆ ಏಳತೊಡಗಿದರು. ಕೈ ಮಾತ್ರ ಸಣ್ಣಗೆ ನಡುಗುತ್ತಿತ್ತು, ಕಾಫಿ ಲೋಟ ತಟ್ಟೆಯ ಮೇಲೆ ಟಕಟಕ ಎನ್ನುತ್ತಿತ್ತು. ಅದು ಗುಳಿಗೆಯಿಂದ ಎಂದು ಡಾಕ್ಟರು ಮೊದಲೇ ಹೇಳಿದ್ದರು.

"ರಮ್ ಕುಡಿದು ಕೈ ನಡುಗೋದು ನೋಡಿದ್ದೀನಿ ಮೇಷ್ಟ್ರೆ, ಗುಳಿಗೆ ನುಂಗಿ ನಡುಗೋದು ನಮ್ಮವನದ್ದೇ ಮೊದ್ಲು" ಎಂದು ಪೂವಯ್ಯ ರೇಗಿಸುತ್ತಿದ್ದರು.

"ರಮ್ಮು ನಿಮಗೇ ಇರ್ಲಿ ಅಣ್ಣ, ಗುಳಿಗೆ ಪಾಲು ಕೇಳ್ಬೇಡಿ" ಎನ್ನುತ್ತಿದ್ದರು ಚಿಣ್ಣಪ್ಪ.

ಅಷ್ಟರಲ್ಲಿ ಮತ್ತೆ ಹುತ್ತರಿ ಬಂತು. ಪೂವಯ್ಯ ಸುತ್ತಲಿನ ಮನೆಗಳಿಗೆಲ್ಲ ತಾವೇ ಹೋಗಿ, ಇದೊಂದು ವರ್ಷ ಕೋವಿ ಬೇಡ ಎಂದು ಕೇಳಿಕೊಂಡರು. ಕೊಡವರ ಮನೆಯಲ್ಲಿ ಹುತ್ತರಿಗೆ ಕೋವಿ ಬೇಡ ಎನ್ನುವುದು ಸಣ್ಣ ಮಾತಲ್ಲ. ಆದರೂ ಎಲ್ಲರೂ ಒಪ್ಪಿ ಮಾತು ಕೊಟ್ಟರು. ಎಲ್ಲರೂ ಗದ್ದೆಗೆ ಹೋದಾಗ ಚಿಣ್ಣಪ್ಪನ ಜೊತೆ ಒಳಕೋಣೆಯಲ್ಲಿ ನಾನಿರಬೇಕೆಂದಾಯಿತು. ಗದ್ದೆಯ ಕಡೆಯ ಕಿಟಕಿಯ ಗಾಜಿನ ಹಿಂದೆ ಲಾಟೀನು ಇಟ್ಟರು. ಏನಾದರೂ ಹೆಚ್ಚುಕಡಿಮೆಯಾದರೆ ನಾನು ಅದನ್ನು ಆರಿಸಬೇಕು, ಅದೇ ಗದ್ದೆಯಲ್ಲಿದ್ದವರಿಗೆ ಸೂಚನೆ. ಬಾಳೆಲೆಯ ಅಣ್ಣ ಜೀಪು ತಂದು ಗದ್ದೆಯ ಬದಿಯಲ್ಲೇ ನಿಂತಿದ್ದರು. ದೀಪ ಆರಿದರೆ ಆ ಜೀಪು ಎಲ್ಲಿಗೆ ಹೋಗುವುದೆಂದು ಚಿಣ್ಣಪ್ಪನಿಗೂ ಗೊತ್ತಿತ್ತು.

ಹೊರಡುವ ಮುಂಚೆ ಬೊಳ್ಳವ್ವ ಗುಳಿಗೆ, ನೀರು ಕೊಟ್ಟು, ಹತ್ತಿಯ ಉಂಡೆ ತಂದರು.

"ಹತ್ತಿ ಬೇಡ" ಎಂದರು ಚಿಣ್ಣಪ್ಪ. "ಕಿವಿ ಮುಚ್ಚಿದ್ರೆ ಒಳಗಿಂದು ಜಾಸ್ತಿ ಕೇಳ್ತದೆ."

ಬೊಳ್ಳವ್ವ ನನ್ನ ಕಡೆ ತಿರುಗಿದರು. "ಮೇಷ್ಟ್ರೆ, ಸುಮ್ಸುಮ್ನೆ ಆರಿಸ್ಬೇಡಿ ಆಯ್ತಾ. ನಿಜವಾಗ್ಲೂ ಬೇಕಾದ್ರೆ ಮಾತ್ರ."

ನಾವಿಬ್ಬರೂ ಮಂಚದ ಮೇಲೆ ಕುಳಿತೆವು. ನಾನು ಅವರ ಮಣಿಕಟ್ಟು ಹಿಡಿದುಕೊಂಡಿದ್ದೆ. ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿದ್ದವು. ಗೋಡೆಯ ಗಡಿಯಾರದ ಟಿಕ್ ಟಿಕ್, ಅವರ ಉಸಿರು, ಲಾಟೀನಿನ ಬತ್ತಿಯ ಸಣ್ಣ ಚಟಪಟ, ಇಷ್ಟೂ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮುಹೂರ್ತದ ಹೊತ್ತಾಯಿತು. ಹೊರಗೆ ಏನೂ ಇಲ್ಲ. ಊರವರು ಮಾತು ಉಳಿಸಿಕೊಂಡರು ಎಂದು ನಾನು ಹಗುರಾದೆ.

ಆಗ ಚಿಣ್ಣಪ್ಪ ತಲೆ ಎತ್ತಿದರು.

"ಇದು ಮೇಲ್ಮನೆಯವ್ರ ಕೇಪಿನ ಕೋವಿ" ಎಂದರು. "ಮದ್ದು ಜಾಸ್ತಿ ತುಂಬಿದ್ದಾರೆ."

ಕಿವಿಗೊಟ್ಟು ಕೇಳಿದೆ. ಗಡಿಯಾರ ಬಿಟ್ಟರೆ ಏನೂ ಇಲ್ಲ.

"ಹೊಳೆ ಆಚೆಯವ್ರದ್ದು. ಜೋಡುನಳಿಗೆ. ಒಂದು ಹಾರ್ತು, ಇನ್ನೊಂದು ಹಾರ್ಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಅಯ್ಯ, ಇದು ನಮ್ಮನೆದೇ. ಅಣ್ಣನಿಗೂ ತಡ್ಕೊಳ್ಳೋಕೆ ಆಗ್ಲಿಲ್ಲ."

ಇಲ್ಲದ ಸದ್ದು ಕೇಳುತ್ತಿದ್ದಾರೆ, ಗುಳಿಗೆ ಕೈಕೊಟ್ಟಿತು ಎಂದು ನಾನು ನಿಶ್ಚಯಿಸಿದೆ. ಇನ್ನೊಂದು ಗಳಿಗೆಯಲ್ಲಿ ಏನು ಮಾಡುತ್ತಾರೋ. ದೇಚು ಗದ್ದೆಯಿಂದ ಓಡಿ ಬಂದು ಬಾಗಿಲು ತಳ್ಳಿದರೆ ಗತಿಯೇನು? ಎದ್ದು ಕಿಟಕಿಯ ಹತ್ತಿರ ಹೋಗಿ ಲಾಟೀನಿನ ತಿರುಪಿನ ಮೇಲೆ ಕೈಯಿಟ್ಟೆ. ತಿರುಗಿಸಿದರೆ ಒಂದು ಸಂಸಾರ ಮುಗಿಯುತ್ತದೆ, ತಿರುಗಿಸದಿದ್ದರೆ ಒಂದು ಜೀವ ಹೋಗಬಹುದು. ಅಷ್ಟು ಓದಿದ್ದ ನನಗೆ ಯಾವುದು ಸರಿಯೆಂದು ತೋಚಲಿಲ್ಲ.

"ಮೇಷ್ಟ್ರೆ" ಎಂದರು ಚಿಣ್ಣಪ್ಪ ಹಿಂದಿನಿಂದ, ಬಹಳ ಮೆಲ್ಲಗೆ. "ಯಾಕೆ ಆರಿಸ್ತೀರಿ? ನಾನು ಕೂತೇ ಇದ್ದೀನಲ್ಲ. ನಿಮ್ಮ ಕೈ ನೋಡಿ, ಲಾಟೀನು ಬೀಳ್ತದೆ."

ತಿರುಗಿ ನೋಡಿದೆ. ಅವರ ಕೈಗಳು ತೊಡೆಯ ಮೇಲೆ ಕಲ್ಲಿನಂತೆ ಇದ್ದವು. ತಿಂಗಳುಗಟ್ಟಲೆ ಕಂಡ ಆ ಸಣ್ಣ ನಡುಕವೂ ಇರಲಿಲ್ಲ. ನಡುಗುತ್ತಿದ್ದುದು ನನ್ನ ಕೈ. ಲಾಟೀನಿನ ಗಾಜು ಅದರ ತಂತಿಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮೊದಲು ಬೊಳ್ಳವ್ವ, ಅವರ ಹಿಂದೆ ಪೂವಯ್ಯ, ಕೋವಿ ಹಿಡಿದುಕೊಂಡೇ ಬಂದಿದ್ದರು. ಸುಟ್ಟ ಮದ್ದಿನ ವಾಸನೆ ಕೋಣೆಯೊಳಗೆ ಬಂತು. ಬೊಳ್ಳವ್ವ ಗಂಡನ ಮುಖ, ತೋಳು ಎಲ್ಲ ಮುಟ್ಟಿ ನೋಡಿ, ನೆಲದ ಮೇಲೆ ಕುಳಿತು ಅತ್ತರು.

"ಎಲ್ಲರೂ ಹೊಡೆದುಬಿಟ್ರು ಮಾರಾಯ್ರೆ" ಎಂದರು ಪೂವಯ್ಯ, ತಲೆ ತಗ್ಗಿಸಿ. "ಊರೆಲ್ಲ ಸುಮ್ನಿರ್ತದೆ, ನಮ್ಮದೊಂದು ಸದ್ದು ಯಾರಿಗೆ ಕೇಳ್ತದೆ ಅಂತ ಪ್ರತಿಯೊಬ್ಬನೂ. ಅವರೆಲ್ಲ ಹೊಡೆದ ಮೇಲೆ ನಾನೊಬ್ಬ ಯಾಕೆ ದೇವರ ಹತ್ರ ಕೆಟ್ಟವನಾಗ್ಲಿ ಅಂತ ನಾನೂ."

ನಾನು ಏನೂ ಕೇಳಿಸಲಿಲ್ಲವೆಂದೆ. ಅವರು ನನ್ನ ಮುಖವನ್ನೇ ನೋಡಿದರು. ಆ ಕೋಣೆಗೂ ಗದ್ದೆಗೂ ನಡುವೆ ಒಂದು ಅಂಗಳ, ಒಂದು ಕಣ, ಅಷ್ಟೇ. ನಾಯಿಗಳು ಹೆದರಿ ಕಣಜದ ಅಡಿ ಸೇರಿದ್ದವು.

ಮಾರನೆಯ ದಿನ ಶಾಲೆಗೆ ಹೋಗುವ ದಾರಿಯಲ್ಲಿ ಹೊಳೆಯಾಚೆಯ ಮನೆಯವರನ್ನು ವಿಚಾರಿಸಿದೆ. ಅವರ ಜೋಡುನಳಿಗೆಯಲ್ಲಿ ಒಂದು ತೋಟಾ ಹಾರಿರಲಿಲ್ಲ.

ಕಿವಿಯನ್ನು ಮೈಸೂರಿನಲ್ಲಿ ತೋರಿಸಿದೆ. ಏನೂ ದೋಷವಿಲ್ಲವಂತೆ. ಹೆದರಿಕೆಗೆ ಹಾಗೆ ಕಿವಿ ಮುಚ್ಚಿಕೊಳ್ಳುವುದುಂಟು ಎಂದರು ಅಲ್ಲಿನ ಡಾಕ್ಟರು. ಆದರೆ ನಾನು ಹೆದರಿದ್ದು ಚಿಣ್ಣಪ್ಪ ಬಾಯಿ ತೆರೆದ ಮೇಲೆ. ಮೊದಲ ಕೋವಿ ಹಾರಿದಾಗ ನಾನು ನಿಶ್ಚಿಂತನಾಗಿದ್ದೆ. ಅಲ್ಲದೆ, ಅದೇ ಕಿವಿಗೆ ಬತ್ತಿಯ ಚಟಪಟ ಕೇಳಿಸಿದ್ದು ಹೇಗೆ?

ಚಿಣ್ಣಪ್ಪನವರ ವಿಷಯದಲ್ಲಿ ನನಗೆ ಸಂಶಯವಿಲ್ಲ. ಅವರನ್ನು ಉಳಿಸಿದ್ದು ಡಾಕ್ಟರು, ಗುಳಿಗೆ, ಅದನ್ನು ಒಂದು ದಿನವೂ ತಪ್ಪಿಸದ ಬೊಳ್ಳವ್ವ. ಜೀಪು ಆ ರಾತ್ರಿ ಬರಿದಾಗಿಯೇ ಬಾಳೆಲೆಗೆ ಮರಳಿತು. ಕೈನಡುಕ ಬೆಳಿಗ್ಗೆಯೇ ಅವರಿಗೆ ವಾಪಸು ಬಂದಿತ್ತು, ಅದಕ್ಕೆ ಯಾರೂ ಬೇಸರಪಡಲಿಲ್ಲ.

ಮರುವರ್ಷ ಅವರು ದೇಚುವಿನ ಕೈ ಹಿಡಿದು ಗದ್ದೆಯಲ್ಲೇ ನಿಂತರು. ನಾನು ಪಕ್ಕದಲ್ಲಿದ್ದೆ. ಪೂವಯ್ಯ ಕೋವಿ ಎತ್ತಿದರು. ಸದ್ದು ನನ್ನ ಎದೆಗೆ ಗುದ್ದಿದಂತಾಯಿತು, ಕಾಲಡಿಯ ನೆಲ ಅದುರಿತು. ಶಬ್ದ ಹೇಗೆ ಹುಟ್ಟುತ್ತದೆ, ಹೇಗೆ ಸಾಗುತ್ತದೆ ಎಂದು ವರ್ಷವರ್ಷವೂ ಮಕ್ಕಳಿಗೆ ಕಲಿಸಿದವನು ನಾನು. ಅಷ್ಟು ದೊಡ್ಡದು ಹಿಂದಿನ ವರ್ಷ ನನ್ನ ಕಿವಿಯವರೆಗೆ ಬಂದು ಎಲ್ಲಿಗೆ ಹೋಯಿತು ಎಂಬುದು ಇವತ್ತಿಗೂ ಗೊತ್ತಿಲ್ಲ.