ಪೂರಾ ತುಳಿದರೂ ಜಗ್ಗದ ಕಾರು

ಮೂರು ವರ್ಷಗಳ ಹಿಂದೆ ನಾನು ಸಿಂದಗಿಯ ಒಂದು ಕಾರು ಸರ್ವೀಸ್ ಸೆಂಟರ್‌ನಲ್ಲಿ ಸರ್ವೀಸ್ ಅಡ್ವೈಸರ್ ಆಗಿದ್ದೆ. ಗ್ರಾಹಕರ ದೂರು ಕೇಳಿ ಜಾಬ್‌ಕಾರ್ಡಿನಲ್ಲಿ ಬರೆದುಕೊಂಡು ಮೆಕ್ಯಾನಿಕ್‌ಗೆ ದಾಟಿಸುವುದು ನನ್ನ ಕೆಲಸ.

ಮೋರಟಗಿಯ ಶಾಲೆಯಲ್ಲಿ ಕಲಿಸುವ ಮಹಾದೇವಿ ಅಕ್ಕೋರು ನಮ್ಮ ಶೋರೂಮಿನಲ್ಲೇ ಹೊಸ ಕಾರು ಕೊಂಡು ಇಪ್ಪತ್ತು ದಿನಕ್ಕೆ ದೂರು ಹೇಳಲು ಬಂದರು. "ಗಾಡಿ ಜಗ್ಗವಲ್ದ್ರಿ. ಇದಕ್ಕ ಜೀವಾನ ಇಲ್ಲ" ಎಂದರು.

ಇಂಥ ದೂರಿಗೆ ನನ್ನ ಬಳಿ ಉತ್ತರ ಸಿದ್ಧವಿತ್ತು. ಈಗಿನ ಎಂಜಿನ್ ಚಿಕ್ಕದು, ಹೆಚ್ಚಿನ ಗಾಳಿ ತಳ್ಳಿ ಶಕ್ತಿ ಕೊಡುವ ಟರ್ಬೊ ತುಸು ತಡವಾಗಿ ಎಚ್ಚರಗೊಳ್ಳುತ್ತದೆ, ಗೇರ್ ಇಳಿಸಿ ಓಡಿಸಿ ಎಂದೆ. ಕಾರು ತೊಳೆದ ಮೇಲೆ ಮೆಕ್ಯಾನಿಕ್ ಓಡಿಸಿ ನೋಡಿದ. ಬಾಣದಂತೆ ಹೋಯಿತು. ಸ್ಕ್ಯಾನರ್ ಹಚ್ಚಿದರೆ ಒಂದು ದೋಷವೂ ಇಲ್ಲ. ವಾರಕ್ಕೆ ಅವರು ಮತ್ತೆ ಬಂದರು. ಮತ್ತೆ ಅದೇ ಆಯಿತು. ಮ್ಯಾನೇಜರ್ ಅವರೆದುರೇ, "ಅಕ್ಕಾರ, ಗಾಡಿ ಸರಿ ಐತ್ರಿ. ನಿಮಗ ಇನ್ನೂ ರೂಢಿ ಆಗಿಲ್ಲ" ಎಂದು ನಕ್ಕರು. ಹತ್ತು ವರ್ಷದಿಂದ ಕಾರು ಓಡಿಸುತ್ತಿದ್ದ ಅಕ್ಕೋರ ಮುಖ ಕೆಂಪಾಯಿತು. ನಾನು ಜಾಬ್‌ಕಾರ್ಡಿನಲ್ಲಿ 'ದೋಷವಿಲ್ಲ' ಎಂದು ಬರೆದೆ.

ಮೂರನೆಯ ಸಲ ಬಂದಾಗ ಅವರು ಕುರ್ಚಿಯಲ್ಲೂ ಕೂಡದೆ ನಿಂತೇ ಹೇಳಿದರು.

"ಕಬ್ಬಿನ ಟ್ರ್ಯಾಕ್ಟರ್ ದಾಟಾಕ ಹೋಗಿದ್ದೆರಿ. ಎದುರಿಗೆ ಲಾರಿ ಬಂತು. ಪೂರಾ ತುಳದ್ರೂ ಗಾಡಿ ಮುಂದ ಹೋಗಲಿಲ್ಲ. ಹಿಂದ ನಮ್ಮವ್ವ ಕುಂತಿದ್ಲು. ಲಾರಿಯಂವ ರೋಡ್ ಬಿಟ್ಟು ಕೆಳಗ ಇಳಿಸಿದ್ದಕ್ಕ ಉಳದೇವಿ."

ಈ ಸಲ ಜಾಬ್‌ಕಾರ್ಡ್ ತೆಗೆಯಲಿಲ್ಲ. "ನೀವ ಓಡಿಸ್ರಿ, ನಾ ಬಾಜೂಕ ಕೂಡ್ತೇನಿ" ಎಂದು ಸ್ಕ್ಯಾನರ್ ಹಿಡಿದು ಹತ್ತಿದೆ. ಖಾಲಿ ರಸ್ತೆಯಲ್ಲೂ ಕಾರು ಹೆಣಗುತ್ತಿತ್ತು. ಎಕ್ಸಲರೇಟರ್ ಎಷ್ಟು ಒತ್ತಲಾಗಿದೆ ಎಂದು ಸ್ಕ್ಯಾನರ್ ತೋರಿಸುವ ಅಂಕಿ ಅರ್ಧಕ್ಕೇ ನಿಂತಿತ್ತು.

"ಪೂರ್ತಿ ತುಳೀರಿ."

"ತುಳದೇನ್ರಿ! ಇನ್ನೆಷ್ಟ ತುಳೀಲಿ?"

ಕಾರು ನಿಲ್ಲಿಸಿ ಬಗ್ಗಿ ನೋಡಿದೆ. ಕಾರಿನ ಮೂಲ ಮ್ಯಾಟ್ ಮೇಲೆ ಇನ್ನೊಂದು ದಪ್ಪ ರಬ್ಬರ್ ಮ್ಯಾಟ್ ಇತ್ತು. ಅದರ ಅಂಚು ಪೆಡಲ್ ಕೆಳಗೆ ಸೇರಿ ಅರ್ಧದಲ್ಲೇ ತಡೆಯುತ್ತಿತ್ತು. ಡೆಲಿವರಿ ದಿನ ಕಾಣಿಕೆಯೆಂದು ಅದನ್ನು ಹಾಸಿದವರು ನಮ್ಮವರೇ. ಪ್ರತಿ ಸಲ ತೊಳೆಯುವಾಗ ಅದನ್ನು ತೆಗೆದು, ಮೆಕ್ಯಾನಿಕ್ ಓಡಿಸಿ ನೋಡಿದ ಮೇಲೆ ಮತ್ತೆ ಹಾಸಿ ಕೊಟ್ಟವರೂ ನಾವೇ. ನನಗೆ ನನ್ನ ಮೇಲೇ ಸಿಟ್ಟು ಬಂತು.

ಮ್ಯಾಟ್ ಎಳೆದು ತೆಗೆದೆ. ಅಕ್ಕೋರು ಮತ್ತೆ ತುಳಿದಾಗ ಕಾರು ಒಮ್ಮೆಲೇ ಮುನ್ನುಗ್ಗಿತು. ಅವರು ನಗಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿ, ಸ್ಟೇರಿಂಗ್ ಹಿಡಿದುಕೊಂಡೇ ಕೇಳಿದರು: "ನಾ ಮೊದಲನೇ ದಿನಾನ ಹೇಳಿದ್ದೆ. ಆವತ್ತ ಯಾಕ ಕೂಡಲಿಲ್ರಿ ನನ್ನ ಬಾಜೂಕ?"

ತಪ್ಪಾಯಿತು ಎಂದೆ. ಅಂದಿನಿಂದ ಗಾಡಿ ಬಂದ ಸ್ಥಿತಿಯಲ್ಲೇ, ಮಾಲೀಕರ ಕೈಯಲ್ಲೇ ಓಡಿಸಿ ನೋಡದೆ ಯಾವ ದೂರನ್ನೂ ನಾನು ತಳ್ಳಿಹಾಕಿಲ್ಲ. ಯಂತ್ರ ಸರಿಯಿದೆ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. ಇಷ್ಟನ್ನು ಕಲಿಯಲು ಇಬ್ಬರ ಜೀವವನ್ನು ಲಾರಿಯ ಎದುರಿಗೆ ಕಳಿಸಿದ್ದೆ.