ಮೇಷ್ಟ್ರಮ್ಮನ ಪೇಟ

ಗುಂಡ್ಲುಪೇಟೆಯ ಸುಧಾಮಣಿಗೆ ಬದುಕಿನಲ್ಲಿ ಎದುರಾದ ಅಡ್ಡಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಗಂಡ ಪುಟ್ಟಮಾದುವಿನ ತಲೆ. ಆಸಾಮಿ ಒಳ್ಳೆಯವನೇ. ಚಾಮರಾಜನಗರದ ಬಸ್ಸಿನಲ್ಲಿ ಕಂಡಕ್ಟರ್. ರಜೆ ಹಾಕಿ ಹೆಂಡತಿಯ ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಊರೂರು ತಿರುಗುವಷ್ಟು ಒಳ್ಳೆಯವನು. ತಲೆ ಮಾತ್ರ ಬೇಡದ ಕಡೆ ಬಂದು ನಿಲ್ಲುತ್ತಿತ್ತು.

ಅವಳ ಅಪ್ಪ ಚಿಕ್ಕಬಸವಯ್ಯ ಪೌರಾಣಿಕ ನಾಟಕಗಳ ಡ್ರಾಮಾ ಮೇಷ್ಟ್ರು. ರೈತರಿಗೆ ಪಾತ್ರ ಕಲಿಸಿ, ಹಾಡುಗಳಿಗೆ ಮಟ್ಟು ಹಾಕಿ, ನಾಟಕದ ರಾತ್ರಿ ರಂಗದ ಮುಂದೆ ಕೂತು ಹಾರ್ಮೋನಿಯಂ ನುಡಿಸುತ್ತಿದ್ದರು. ಪರದೆ ಏಳುವ ಮುಂಚೆ ಮೇಷ್ಟ್ರನ್ನು ರಂಗಕ್ಕೆ ಕರೆದು ಜರಿ ಪೇಟ ತೊಡಿಸುವುದು ಆ ಸೀಮೆಯ ರೂಢಿ. ಮನೆಯ ಗೋಡೆಯಲ್ಲಿ ಮೊಳೆಗೊಂದು ಪೇಟ ನೇತಾಡುತ್ತಿತ್ತು. ಧೂಳು ಹೊಡೆಯುವ ಕೆಲಸ ಸುಧಾಮಣಿಯದು. ಅಪ್ಪನ ಬೆರಳು ನಡುಗತೊಡಗಿದಾಗ ಪೆಟ್ಟಿಗೆಯ ಮುಂದೆ ಅವಳೇ ಕೂತಳು. ಹೆಂಗಸೊಬ್ಬಳು ಮೇಷ್ಟ್ರಾದದ್ದನ್ನು ಆ ಕಡೆ ಯಾರೂ ಕಂಡಿರಲಿಲ್ಲ. ಏನೆಂದು ಕರೆಯುವುದೋ ತಿಳಿಯದೆ ಮೇಷ್ಟ್ರಮ್ಮ ಎಂದರು; ಪೇಟದ ಬದಲು ಎಲೆ ಅಡಿಕೆ ಕೊಟ್ಟು ಕಳಿಸಿದರು. ಇಷ್ಟು ವರ್ಷ ಪೇಟಗಳ ಧೂಳು ಹೊಡೆದವಳಿಗೆ ತನ್ನದೂ ಒಂದು ಬೇಕೆನಿಸಿದರೆ ತಪ್ಪೇನು?

ಎರಡು ಸಾವಿರದ ನಾಲ್ಕರಲ್ಲಿ ಅದೇ ತಾಲ್ಲೂಕಿನ ಮದ್ದೂರಿನ ಕಾಡಂಚಿನಲ್ಲಿ ತೆಗೆದ ಒಂದು ಬಡ ಸಿನಿಮಾಕ್ಕೂ ಅವಳೇ ಸಂಗೀತ ಮಾಡಿದಳು. ಅದು ಗುಂಡ್ಲುಪೇಟೆಯ ಟಾಕೀಸಿಗೆ ಬಂದಾಗ ಬೀದಿಗೆ ಬೀದಿಯೇ ಹೊರಟಿತು. ತೆರೆಯ ಮೇಲೆ ‘ಸಂಗೀತ’ ಎಂಬ ಅಕ್ಷರ ಮೂಡಿದ್ದೇ ತಡ, ಮುಂದಿನ ಸಾಲಿನಲ್ಲಿದ್ದ ಪುಟ್ಟಮಾದು ಬೆಂಚು ಹತ್ತಿ ಶಿಳ್ಳೆ ಹೊಡೆದ. ಹಿಂದೆ ಕೂತಿದ್ದ ಸುಧಾಮಣಿಗೆ ಕಂಡದ್ದು ಅವನ ತಲೆ. ಅವನು ಇಳಿಯುವಷ್ಟರಲ್ಲಿ ತೆರೆಯಲ್ಲಿ ಅವಳ ಹೆಸರು ಹೋಗಿ ಕಾಡಿನ ಆನೆ ಬಂದಿತ್ತು. ಮಾರನೆಯ ದಿನ ಸಿನಿಮಾವೇ ಎತ್ತಂಗಡಿಯಾಯಿತು. ಅವಳು ಒಲೆಯ ಹೊಗೆಯ ನೆಪದಲ್ಲಿ ಅತ್ತಳು.

ಎರಡು ವರ್ಷದ ಮೇಲೆ ಉಮ್ಮತ್ತೂರಿನವರು ನಾಟಕಕ್ಕೆ ಕರೆಸಿದರು. ಕಮಿಟಿಯ ಯಜಮಾನ ದೊರೆಸ್ವಾಮಿಗೆ ರಾಜನ ಪಾತ್ರ. ಅವನ ಗಂಟಲಲ್ಲಿ ನೆಟ್ಟಗೆ ನಿಲ್ಲುತ್ತಿದ್ದದ್ದು ಮೂರೇ ಸ್ವರ. ಸುಧಾಮಣಿ ಅಳತೆ ನೋಡಿ ರವಿಕೆ ಹೊಲಿದಂತೆ ಆ ಮೂರರಲ್ಲೇ ಅವನ ಹಾಡಿಗೆಲ್ಲ ಹೊಸ ಮಟ್ಟು ಕಟ್ಟಿದಳು. ತಾನು ಇಷ್ಟು ಚೆನ್ನಾಗಿ ಹಾಡುತ್ತೇನೆಂದು ದೊರೆಸ್ವಾಮಿಗೇ ಗೊತ್ತಿರಲಿಲ್ಲ.

ನಾಟಕದ ರಾತ್ರಿ ಮೈಕಿನಲ್ಲಿ ಅವಳ ಹೆಸರು ಕೂಗಿದರು. ಅವಳು ಸೆರಗು ಸರಿಮಾಡಿಕೊಂಡು ರಂಗ ಹತ್ತಿದಳು. ಪೇಟ ಹಿಡಿದು ನಿಂತ ದೊರೆಸ್ವಾಮಿ ಒಮ್ಮೆ ಅವಳ ಮುಡಿಯ ಹೂವನ್ನು, ಒಮ್ಮೆ ಮುಂದೆ ಕೂತ ಹಿರಿಯರನ್ನು ನೋಡಿದ. ಹಿರಿಯರು ಕೆಮ್ಮಿದರು.

“ಹೆಂಗಸ್ರ ತಲಗ ಪೇಟ ಇಕ್ಕದು ನಮ್ಮಲ್ಲಿಲ್ಲ ಕಣವ್ವ. ನಿಮ್ ಯಜಮಾನ್ರಿಗ ಇಕ್ಕುದ್ರ ನಿಮಗ ಇಕ್ಕುದಂಗೇಯ,” ಎಂದ ದೊರೆಸ್ವಾಮಿ.

ಪೆಟ್ಟಿಗೆ ಸರಿಸಲು ಬಂದಿದ್ದ ಪುಟ್ಟಮಾದುವನ್ನು ರಂಗಕ್ಕೆ ಎಳೆದರು; ಅವನ ತಲೆಗೆ ಪೇಟ ಕೂತೇಬಿಟ್ಟಿತು. ಅವನು ನಾಲ್ಕೂ ದಿಕ್ಕಿಗೆ ಕೈಮುಗಿದ. ಸುಧಾಮಣಿ ಇಳಿದು ಪೆಟ್ಟಿಗೆಯ ಮುಂದೆ ಕೂತಳು.

ಪರದೆ ಎದ್ದಿತು. ರಾಜ ಮೀಸೆ ತಿರುವುತ್ತ ಬಂದು ಶ್ರುತಿಗೆ ಕಾದ. ಸದ್ದಿಲ್ಲ. ಮೇಷ್ಟ್ರಮ್ಮ ಕೈಕಟ್ಟಿ ಕೂತಿದ್ದಳು. ಶ್ರುತಿ ಕೊಡಿ ಎಂದು ಅವನು ಗುಟ್ಟಾಗಿ ಬೇಡಿದ್ದು ಮೈಕಿನಿಂದ ಊರಿಗೆಲ್ಲ ಕೇಳಿತು.

“ಪೇಟ ಯಾರ ತಲ ಮ್ಯಾಲದೋ ಅವ್ರೇ ಕೊಡ್ತರ ಬುಡಿ,” ಎಂದಳು.

ರಾಜ ಹಾಗೆಯೇ ಹಾಡಿ ನೋಡಿದ. ಮೂರು ಸ್ವರಗಳೂ ಮೂರು ದಿಕ್ಕಿಗೆ ಓಡಿದವು. ಜನ ಬಿದ್ದು ಬಿದ್ದು ನಕ್ಕರು. ನೀನಾದರೂ ನುಡಿಸಪ್ಪ ಎಂದು ರಾಜ ಪುಟ್ಟಮಾದುವಿಗೆ ಸನ್ನೆ ಮಾಡಿದ. ಪುಟ್ಟಮಾದು ಬಂದು ಕೈಗೆ ಸಿಕ್ಕ ಕರಿ ಬಿಳಿ ಮನೆಗಳನ್ನು ಒತ್ತಿದ; ಪೆಟ್ಟಿಗೆ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅರಚಿತು. ತಾನೂ ನಗುತ್ತ ಹೆಂಡತಿಯ ಕಡೆ ತಿರುಗಿದ. ಅವಳ ಕಣ್ಣು ತುಂಬಿತ್ತು. ಇಲ್ಲಿ ಹೊಗೆಯೂ ಇರಲಿಲ್ಲ.

“ಸಿನಿಮಾದಲ್ಲೂ ನಾನೇ ಅಡ್ಡ ಬಂದ್ಬುಟ್ನಲ್ಲ, ಕಣಮ್ಮಿ,” ಎಂದ ಮೆಲ್ಲಗೆ.

ಪೇಟ ತೆಗೆದು ಅವಳ ತಲೆಗಿಟ್ಟ. ಹಿರಿಯರು ಮತ್ತೆ ಕೆಮ್ಮಿದರು; ಶಿಳ್ಳೆಗಳ ನಡುವೆ ಅದು ಯಾರಿಗೂ ಕೇಳಲಿಲ್ಲ. ಗಂಡಸರ ತಲೆಯ ಅಳತೆಯ ಪೇಟ ಜಾರಿ ಅವಳ ಕಣ್ಣು ಮುಚ್ಚಿತು. ಅವಳು ಸರಿಮಾಡಿಕೊಳ್ಳಲೂ ಇಲ್ಲ, ನುಡಿಸತೊಡಗಿದಳು. ದೊರೆಸ್ವಾಮಿಯ ಸ್ವರಗಳು ಒಂದೊಂದಾಗಿ ಮನೆಗೆ ಮರಳಿದವು.

ಪುಟ್ಟಮಾದು ಮಾತ್ರ, ಹಿಂದೆ ಕೂತವರಿಗೆ ಮೇಷ್ಟ್ರಮ್ಮ ಕಾಣಲೆಂದು, ಬೆಳಗಾಗುವವರೆಗೂ ತಲೆ ತಗ್ಗಿಸಿಕೊಂಡೇ ಕೂತಿದ್ದ.